ಖಿನ್ನತೆಯ ಮಾತ್ರೆ ನಿಧಾನವಾಗಿ ಇಳಿಸಲು ಜೊತೆಗೆ ನಿಲ್ಲುವ ಡಾಕ್ಟರನ್ನು ಹುಡುಕಿಕೊಂಡಿದ್ದು: ನನ್ನ ಅನುಭವ

ಖಿನ್ನತೆಗೆ ಎಸಿಟಾಲೋಪ್ರಾಮ್ 10 ಮಿಲಿಗ್ರಾಂ, ಆತಂಕ ತಗ್ಗಿಸಿ ನಿದ್ದೆ ಬರಿಸುವ ಕ್ಲೋನಾಜೆಪಾಮ್ 0.5, ಎರಡೂ ಸೇರಿದ ಒಂದೇ ಮಾತ್ರೆ. ರಾತ್ರಿ ಊಟ ಆದ ಮೇಲೆ ಒಂದು. ಅಪ್ಪ ತೀರಿಕೊಂಡ ವರ್ಷ ಶುರುವಾಗಿದ್ದು ಮಗಳು ಹೈಸ್ಕೂಲು ಮುಗಿಸುವವರೆಗೂ ನಡೆಯಿತು. ಆ ಮಾತ್ರೆಯಿಂದಲೇ ನಾನು ಆವತ್ತು ಎದ್ದು ನಿಂತೆ. ಮಾತ್ರೆ ಕೆಟ್ಟದ್ದು, ಬಿಸಾಕಿ ಅಂತ ಹೇಳುವವಳು ನಾನಲ್ಲ. ಆದರೆ ಮನಸ್ಸು ಚೆನ್ನಾಗಿದೆ, ನಿದ್ದೆ ಬರುತ್ತದೆ, ಮನೆ-ತೋಟ-ಸೊಸೈಟಿ ಕೆಲಸ ಎಲ್ಲ ಮಾಡಿಕೊಂಡು ಹೋಗುತ್ತಿದ್ದೇನೆ, ಹೀಗಿರುವಾಗ ಇನ್ನೂ ಎಷ್ಟು ವರ್ಷ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ ಅಲ್ವಾ? ಆ ಪ್ರಶ್ನೆಗೆ ಸಮಾಧಾನವಾಗಿ ಉತ್ತರ ಕೊಡುವವರು ಸಿಗುವುದೇ ಕಷ್ಟವಾಯಿತು. ಸಿಕ್ಕ ಮೇಲೆ ಉಳಿದದ್ದೆಲ್ಲ ಹಗುರಾಯಿತು.

ಮಾತ್ರೆ ತಪ್ಪಿದರೆ ಏನಾಗುತ್ತದೆ ಅಂತ ನನಗೆ ಗೊತ್ತಾಗಿದ್ದು ಒಂದು ಮಳೆಗಾಲದಲ್ಲಿ. ತೀರ್ಥಹಳ್ಳಿಯಿಂದ ನಮ್ಮೂರಿಗೆ ಬರುವ ರಸ್ತೆಗೆ ಮರ ಬಿದ್ದು ಬಸ್ಸು ನಿಂತಿತ್ತು, ಕರೆಂಟೂ ಇಲ್ಲ, ಫೋನೂ ಇಲ್ಲ, ಮನೆಯಲ್ಲಿದ್ದ ಸ್ಟ್ರಿಪ್ ಖಾಲಿ. ಎರಡು ಮೂರು ದಿನಕ್ಕೆ ಶುರುವಾಯಿತು. ಕಣ್ಣು ಪಕ್ಕಕ್ಕೆ ತಿರುಗಿಸಿದರೆ ತಲೆಯೊಳಗೆ ಚುರ್ ಅಂತ ಕರೆಂಟ್ ಹೊಡೆದಂತೆ. ಎದ್ದು ನಿಂತರೆ ತೇಲಿದ ಹಾಗೆ. ರಾತ್ರಿಯೆಲ್ಲ ವಿಚಿತ್ರ ಕನಸು, ಹಗಲು ಸುಮ್ನೆ ಅಳು. ಅತ್ತೆ ಹೆದರಿಬಿಟ್ಟರು. "ಹಳೇದು ವಾಪಸ್ ಬಂತಲ್ಲೇ" ಅಂದರು. ರಸ್ತೆ ತೆರೆದು ಮಾತ್ರೆ ಸಿಕ್ಕಿತು, ತೆಗೆದುಕೊಂಡ ಒಂದೆರಡು ದಿನದಲ್ಲಿ ಎಲ್ಲ ಮಾಯ.

ಮುಂದೆ ನನ್ನನ್ನು ನೋಡಿದ ಡಾಕ್ಟರ್ ಇದರ ಬಗ್ಗೆ ಬಹಳ ಹೊತ್ತು ಕೇಳಿದರು. ಖಿನ್ನತೆ ಮರುಕಳಿಸುವುದು ಸಾಮಾನ್ಯವಾಗಿ ನಿಧಾನಕ್ಕೆ, ವಾರಗಟ್ಟಲೆ ತಿಂಗಳುಗಟ್ಟಲೆ ತೆಗೆದುಕೊಂಡು. ಡೋಸ್ ಇಳಿದ ಕೆಲವೇ ದಿನಕ್ಕೆ ಬರುವ ತಲೆಸುತ್ತು, ಕರೆಂಟ್ ಹೊಡೆದಂಥ ಅನುಭವ, ವಾಕರಿಕೆ, ಮತ್ತೆ ಮಾತ್ರೆ ತೆಗೆದುಕೊಂಡ ತಕ್ಷಣ ಕಡಿಮೆಯಾಗುವುದು, ಇದು ಮಾತ್ರೆ ಬಿಟ್ಟಿದ್ದರ ಪರಿಣಾಮ. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ "ನನಗೆ ಇದು ಜೀವನಪೂರ್ತಿ ಬೇಕು" ಅಂತ ತೀರ್ಮಾನ ಮಾಡಿಕೊಂಡಿರುತ್ತಾರೆ. ಕೆಲವರಿಗೆ ನಿಜವಾಗಿಯೂ ಬೇಕು. ಆದರೆ ಯಾವುದು ಯಾವುದು ಅಂತ ನೋಡಿ ಹೇಳುವವರು ಇರಬೇಕು.

ನಾನು ಮೊದಲು ಕೇಳಿದ ಡಾಕ್ಟರ್ ತಲೆ ಎತ್ತಿಯೂ ನೋಡಲಿಲ್ಲ. "ಬಿಪಿ ಮಾತ್ರೆ ಇದ್ದಂಗೆ, ತಗೊಳ್ತಾ ಇರಿ" ಅಂದು ಅದೇ ಚೀಟಿ ಬರೆದರು. ಇನ್ನೊಬ್ಬರು ಇದಕ್ಕೆ ಪೂರ್ತಿ ಉಲ್ಟಾ. "ಹದಿನೈದು ದಿನ ಅರ್ಧ ತಗೊಂಡು ಬಿಟ್ಬಿಡಿ, ಏನೂ ಆಗಲ್ಲ." ಮಳೆಗಾಲದ ಕಥೆ ಹೇಳಿದರೆ ಅದು ಮನಸ್ಸಿನ ಭ್ರಮೆ ಅಂದರು. ಬೇಜಾರಾಯಿತು, ಸಿಟ್ಟೂ ಬಂತು. ನಾನು ಭ್ರಮೆ ಪಟ್ಟಿರಲಿಲ್ಲ. ಖಿನ್ನತೆಯ ಮಾತ್ರೆ ಬಿಡುವಾಗ ಕೆಲವರಿಗೆ ತೀವ್ರವಾದ, ದೀರ್ಘವಾದ ತೊಂದರೆ ಆಗಬಹುದು, ವಾರಗಳಿಂದ ತಿಂಗಳುಗಳವರೆಗೆ ನಿಧಾನ ಇಳಿಸಬೇಕಾಗಬಹುದು ಅಂತ ಬ್ರಿಟನ್ನಿನ ಮನೋವೈದ್ಯರ ಸಂಸ್ಥೆ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ 2020ರಲ್ಲೇ ಜನಸಾಮಾನ್ಯರಿಗಾಗಿ ಬರೆದಿಟ್ಟಿದೆ.

ಆಮೇಲೆ ನಾನು ಹುಡುಕುವ ರೀತಿ ಬದಲಾಯಿಸಿದೆ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ಇದು 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಅವರು ಫೋನಿನಲ್ಲಿ ಮಾತ್ರೆ ಇಳಿಸಿಕೊಡಲಿಲ್ಲ, ಇಳಿಸಬಾರದು ಕೂಡ. ಆದರೆ ಹತ್ತಿರದಲ್ಲಿ ಎಲ್ಲಿ ಹೋಗಬಹುದು ಅಂತ ದಾರಿ ಹೇಳಿದರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಒಂದಿದೆ, ಅದರ ತಂಡ ಜಿಲ್ಲೆಯಲ್ಲೇ ಇರುತ್ತದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ, ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ ಇದೆ, ಖಾಸಗಿಯವರೂ ಇದ್ದಾರೆ. ಇಲ್ಲಿನ ಮನೋವೈದ್ಯರಾಗಿದ್ದ ಡಾ. ಅಶೋಕ್ ಪೈ ಅವರು ವರ್ಷಗಟ್ಟಲೆ ಕನ್ನಡದಲ್ಲಿ ಬರೆದು, ಮಾತಾಡಿ, ಮನಸ್ಸಿನ ಕಾಯಿಲೆಯ ಬಗ್ಗೆ ಬಾಯಿಬಿಟ್ಟು ಹೇಳಿಕೊಳ್ಳುವ ಧೈರ್ಯ ಕೊಟ್ಟ ಊರು ಇದು. ಆ ಋಣ ನಮ್ಮ ಕಡೆಯವರಿಗೆ ಇದ್ದೇ ಇದೆ.

ಒಂದು ವಿಷಯ ಬಹಳ ಜನಕ್ಕೆ ಗೊಂದಲ. ಕೌನ್ಸೆಲರ್ ಆಗಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲಿ ಮಾತು-ಚಿಕಿತ್ಸೆಗೆ ಬೇಕು, ಆದರೆ ಅವರು ಮಾತ್ರೆ ಬರೆಯುವವರಲ್ಲ. ಡೋಸ್ ವಿಷಯಕ್ಕೆ ಮನೋವೈದ್ಯರೇ ಬೇಕು. ನನಗೆ ಇಬ್ಬರೂ ಬೇಕಾದರು.

ಹೋಗುವ ಮೊದಲು ಒಂದು ಹಾಳೆ ಬರೆದುಕೊಂಡೆ. ಯಾವ ವರ್ಷ ಶುರು, ಯಾವಾಗ ಡೋಸ್ ಏರಿತು, ಮೊದಲು ಎಷ್ಟು ಸಲ ಖಿನ್ನತೆ ಬಂದಿತ್ತು, ಆಗ ಹೇಗಿದ್ದೆ, ಮಾತ್ರೆ ತಪ್ಪಿದಾಗ ಏನಾಯಿತು, ಬೇರೆ ಏನೇನು ಔಷಧಿ ತಗೊಳ್ತೀನಿ. ಹಳೇ ಚೀಟಿ ಕಳೆದಿದ್ದರೆ ಮೊದಲಿನ ಆಸ್ಪತ್ರೆಯಲ್ಲಿ ಕೇಳಿ. ನಮ್ಮ ಚಿಕಿತ್ಸೆಯ ದಾಖಲೆ ನೋಡುವ ಹಕ್ಕು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಆ ಒಂದು ಹಾಳೆ ಇದ್ದರೆ ಜನ ತುಂಬಿದ ಒಪಿಡಿಯಲ್ಲಿ ಸಿಗುವ ಐದು ನಿಮಿಷವೂ ಕೆಲಸಕ್ಕೆ ಬರುತ್ತದೆ.

ಡಾಕ್ಟರನ್ನು ನಾನು ಅಳೆದದ್ದು ಡಿಗ್ರಿಯಿಂದ ಅಲ್ಲ, ಎರಡು ಪ್ರಶ್ನೆಗೆ ಅವರು ಕೊಟ್ಟ ಉತ್ತರದಿಂದ. ಇಳಿಸುವಾಗ ತೊಂದರೆಯಾದರೆ ಏನು ಮಾಡೋಣ? ಮಧ್ಯದಲ್ಲಿ ನಿಮ್ಮನ್ನು ಹೇಗೆ ಸಂಪರ್ಕ ಮಾಡಲಿ? ಕೊನೆಗೆ ಶಿವಮೊಗ್ಗದಲ್ಲಿ ಸಿಕ್ಕಿದವರು ಪೆನ್ನು ಕೆಳಗಿಟ್ಟು ಹೇಳಿದರು: "ನೋಡಮ್ಮ, ತೊಂದರೆ ಆದ್ರೆ ಹಿಂದಿನ ಡೋಸಿಗೆ ವಾಪಸ್ ಹೋಗೋಣ. ಅದು ಸೋಲಲ್ಲ. ಅಲ್ಲಿ ನಿಂತು ಮತ್ತೆ ಇನ್ನೂ ಸಣ್ಣ ಹೆಜ್ಜೆ ಇಡೋಣ." ಕ್ಲಿನಿಕ್ಕಿನ ನಂಬರ್ ಕೊಟ್ಟು, ಸಂಜೆ ಇಷ್ಟು ಹೊತ್ತಿಗೆ ಫೋನ್ ಮಾಡಿದರೆ ಸಿಗುತ್ತೇನೆ ಅಂದರು. ನನಗೆ ಬೇಕಿದ್ದದ್ದು ಅಷ್ಟೇ.

ಅವರು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಡೋಸ್ ಇಳಿಸಲೇ ಇಲ್ಲ. ಜೋಡಿ ಮಾತ್ರೆಯನ್ನು ಎರಡು ಬೇರೆ ಮಾತ್ರೆಯಾಗಿ ಬರೆದರು, ಅಷ್ಟೇ ಪ್ರಮಾಣ. ನಮ್ಮಲ್ಲಿ ಈ ಜೋಡಿ ಮಾತ್ರೆ ತಗೊಳ್ಳುವವರು ಬಹಳ ಜನ, ಅದರಲ್ಲಿ ಎರಡು ಔಷಧಿ ಇದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕ್ಲೋನಾಜೆಪಾಮ್ ಬೇರೆ ಜಾತಿಯದ್ದು, ದೇಹ ಅದಕ್ಕೆ ಒಗ್ಗಿಕೊಂಡ ಮೇಲೆ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಜೋಡಿ ಮಾತ್ರೆಯನ್ನು ಅರ್ಧ ಮಾಡಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ, ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ನನಗೆ ಮೊದಲು ಕ್ಲೋನಾಜೆಪಾಮ್ ನಿಧಾನಕ್ಕೆ ಇಳಿಸಿದರು, 0.25ರ ಮಾತ್ರೆ ಸಿಗುತ್ತದೆ. ಅದು ಪೂರ್ತಿ ಮುಗಿದು, ಸ್ವಲ್ಪ ಕಾಲ ಬಿಟ್ಟು ಎಸಿಟಾಲೋಪ್ರಾಮ್. ಬೇರೆಯವರಿಗೆ ಈ ಕ್ರಮ ಬೇರೆ ಇರಬಹುದು, ನನ್ನದನ್ನೇ ನೋಡಿ ಮಾಡಬೇಡಿ.

10ರಿಂದ 5ಕ್ಕೆ ಬಂದವಳಿಗೆ ಇನ್ನೇನು ಮುಗಿಯಿತು ಅನಿಸಿತ್ತು. ಡಾಕ್ಟರ್ ಇನ್ನು ಮುಂದೆಯೇ ಜಾಸ್ತಿ ನಿಧಾನ ಅಂದರು. ಕಾರಣವನ್ನೂ ಹೇಳಿದರು. ಸಪ್ಪೆ ಸಾರಿಗೆ ಹಾಕಿದ ಮೊದಲ ಚಿಟಿಕೆ ಉಪ್ಪು ಎದ್ದು ಗೊತ್ತಾಗುತ್ತದೆ, ಆಮೇಲಿನ ಚಿಟಿಕೆ ಅಷ್ಟು ಗೊತ್ತಾಗುವುದಿಲ್ಲ, ಈ ಔಷಧಿಯೂ ಮಿದುಳಿನಲ್ಲಿ ಹಾಗೆಯೇ. 2019ರಲ್ಲಿ ಹೊರೊವಿಟ್ಜ್ ಮತ್ತು ಟೇಲರ್ ಎಂಬ ಇಬ್ಬರು ಸಂಶೋಧಕರು ಲ್ಯಾನ್ಸೆಟ್ ಸೈಕಿಯಾಟ್ರಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನೇ ಬರೆದಿದ್ದಾರೆ. ಇದೇ ಕುಟುಂಬದ ಸಿಟಾಲೋಪ್ರಾಮ್ 40 ಮಿಲಿಗ್ರಾಂನಿಂದ 20ಕ್ಕೆ ಇಳಿದರೆ ಮಿದುಳಿನ ಮೇಲಿನ ಹಿಡಿತ ಸುಮಾರು 86 ಶೇಕಡಾದಿಂದ 80ಕ್ಕೆ ಇಳಿಯುತ್ತದೆ, ಅಷ್ಟೇ. ಆದರೆ ಎರಡು ಮಿಲಿಗ್ರಾಂ ಚಿಲ್ಲರೆಯಲ್ಲೂ ಇನ್ನೂ 40 ಶೇಕಡಾ ಇರುತ್ತದೆ. ಅಂದರೆ ಕೊನೆಯ ಸಣ್ಣ ತುಂಡಿನಿಂದ ಸೊನ್ನೆಗೆ ಬರುವುದೇ ದೊಡ್ಡ ಇಳಿತ. ಹಾಗಾಗಿ 5ರ ಮಾತ್ರೆಯ ಅರ್ಧ, ಆಮೇಲೆ ಕಾಲು.

ತುಂಡು ಮಾಡುವುದು ನೋಡಲು ಸುಲಭ. ಚಾಕುವಿನಲ್ಲಿ ಕುಯ್ದರೆ ಒಂದು ಚೂರು ದೊಡ್ಡದು, ಒಂದು ಚಿಕ್ಕದು, ಉಳಿದದ್ದು ಪುಡಿ. ಶಿವಮೊಗ್ಗದ ದುರ್ಗಿಗುಡಿಯ ಮೆಡಿಕಲ್ ಶಾಪಿನಿಂದ ಮಾತ್ರೆ ಕತ್ತರಿಸುವ ಸಣ್ಣ ಪ್ಲಾಸ್ಟಿಕ್ ಡಬ್ಬಿ ತಂದೆ. ನಡುವಿನ ಗೀರು ಬ್ಲೇಡಿಗೆ ಸರಿಯಾಗಿ ಕೂರಿಸಿ ಮುಚ್ಚಳವನ್ನು ಒಂದೇ ಸಲ ಒತ್ತಬೇಕು. ನಮ್ಮ ಕಡೆಯ ಥಂಡಿಗೆ ಕತ್ತರಿಸಿದ ತುಂಡು ಬೇಗ ಮೆತ್ತಗಾಗುತ್ತದೆ, ಅದಕ್ಕೆ ಎರಡು ಮೂರು ದಿನಕ್ಕೆ ಬೇಕಾದಷ್ಟೇ ಕತ್ತರಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತಿದ್ದೆ. ಎಲ್ಲ ಮಾತ್ರೆಯನ್ನೂ ಹೀಗೆ ಕತ್ತರಿಸುವಂತಿಲ್ಲ. ಡೆಸ್ವೆನ್ಲಾಫಾಕ್ಸಿನ್ ಥರದ ನಿಧಾನವಾಗಿ ಕರಗುವ ಮಾತ್ರೆ ಕತ್ತರಿಸಿದರೆ ಔಷಧಿ ಒಮ್ಮೆಲೇ ಬಿಡುಗಡೆಯಾಗಬಹುದು. ದಿನ ಬಿಟ್ಟು ದಿನ ತಗೊಳ್ಳುವುದೂ ಬೇಡ ಅಂದರು ಡಾಕ್ಟರ್. ರಕ್ತದಲ್ಲಿ ಔಷಧಿ ಏರಿ ಇಳಿದು ಮಾಡುತ್ತದೆ.

ಯಾವಾಗ ಶುರು ಮಾಡುವುದು ಅಂತಲೂ ಕೂತು ಯೋಚಿಸಿದೆವು. ಅಡಿಕೆ ಕೊನೆಕೊಯ್ಲಿನ ಹೊತ್ತಿನಲ್ಲಿ ಬೇಡ, ಸುಲಿಯುವುದು ಬೇಯಿಸುವುದು ಅಂತ ಸರಿಯಾಗಿ ನಿದ್ದೆಯೇ ಇರುವುದಿಲ್ಲ. ಮಳೆಗಾಲದಲ್ಲೂ ಹೊಸ ಹೆಜ್ಜೆ ಬೇಡ. ತಿಂಗಳುಗಟ್ಟಲೆ ಬಿಸಿಲಿಲ್ಲ, ಕೊಳೆರೋಗದ ಚಿಂತೆ ಬೇರೆ, ರಸ್ತೆ ಯಾವಾಗ ನಿಲ್ಲುತ್ತದೋ ಗೊತ್ತಿಲ್ಲ. ಕೊಯ್ಲು ಮುಗಿದ ಮೇಲೆ ಇಳಿಸುವುದು, ಮಳೆ ಹಿಡಿದ ಮೇಲೆ ಇದ್ದಲ್ಲೇ ನಿಲ್ಲುವುದು. ಎಲ್ಲ ಸೇರಿ ವರ್ಷಕ್ಕಿಂತ ಜಾಸ್ತಿಯೇ ಆಯಿತು. ಬೇಸಿಗೆಯಲ್ಲಿ ನಮ್ಮ ಕಡೆ ಮಂಗನಕಾಯಿಲೆಯ ಭಯ ಇರುತ್ತದಲ್ಲ, ಜ್ವರ ತಲೆನೋವು ಬಂದರೆ "ಮಾತ್ರೆ ಇಳಿಸಿದ್ದಕ್ಕೆ" ಅಂತ ಮನೆಯಲ್ಲಿ ಕೂರದೆ ತಕ್ಷಣ ಆಸ್ಪತ್ರೆಗೆ ಬಂದು ತೋರಿಸು ಅಂತ ಡಾಕ್ಟರ್ ಖಡಾಖಂಡಿತ ಹೇಳಿದ್ದರು.

ಊರಿನಲ್ಲೂ ಕೆಲವರಿಗೆ ಹೇಳಿಟ್ಟೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಶಿವಮೊಗ್ಗದ ಚೀಟಿಯ ಜೆರಾಕ್ಸ್ ಕೊಟ್ಟೆ. ತೀರ್ಥಹಳ್ಳಿಯ ಮೆಡಿಕಲ್ ಶಾಪಿನ ಹುಡುಗ "ಅಕ್ಕಾ, ಮಳೆ ಹಿಡಿಯೋದ್ರೊಳಗೆ ಎಕ್ಸ್ಟ್ರಾ ಸ್ಟ್ರಿಪ್ ತಗೊಂಡು ಹೋಗಿ" ಅಂತ ತಾನೇ ನೆನಪಿಸುತ್ತಿದ್ದ. ನಮ್ಮನೆಯವರಿಗೆ ಒಂದು ಕೆಲಸ: ವಾರಕ್ಕೊಮ್ಮೆ ನಾನು ಹೇಗಿದ್ದೇನೆ ಅಂತ ಅವರ ಕಣ್ಣಿಗೆ ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು. ನಿದ್ದೆ, ಊಟ, ಮಾತು, ಸಿಟ್ಟು. ಅರ್ಧದಿಂದ ಕಾಲಿಗೆ ಇಳಿದಾಗ ನನಗೆ ಗೊತ್ತಾಗುವ ಮೊದಲೇ ಅವರು "ಮಾತು ಕಡಿಮೆ, ಬೆಳಗ್ಗೆ ಮೂರಕ್ಕೇ ಎದ್ದಿದಾಳೆ" ಅಂತ ಬರೆದಿದ್ದರು. ಫೋನ್ ಮಾಡಿದೆವು, ಅರ್ಧಕ್ಕೆ ವಾಪಸ್ ಹೋದೆವು, ಅಲ್ಲೇ ಮಳೆಗಾಲ ಕಳೆದೆವು. ಅತ್ತೆ ದಿನಾ ಒಂದೆಲಗದ ತಂಬುಳಿ ಮಾಡಿ ಹಾಕಿದರು. ರುಚಿಯಾಗಿತ್ತು, ತಿಂದೆ. ಮಾತ್ರೆಯ ಬದಲಿಗೆ ಅಂತ ತಿನ್ನಲಿಲ್ಲ.

ಇಳಿಸಬೇಕೇ ಬೇಡವೇ ಅಂತ ನಿರ್ಧರಿಸುವ ಮೊದಲು ಒಂದು ಲೆಕ್ಕ ತಿಳಿದಿರಲಿ. ವರ್ಷಗಟ್ಟಲೆ ಮಾತ್ರೆ ತಗೊಂಡು ಚೆನ್ನಾಗಿದ್ದು, ಬಿಡಬಹುದು ಅನಿಸಿದ್ದ ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ ಖಿನ್ನತೆ ಮರುಕಳಿಸಿದ್ದು ಮಾತ್ರೆ ಬಿಟ್ಟವರಲ್ಲಿ 56 ಶೇಕಡಾ, ಮುಂದುವರಿಸಿದವರಲ್ಲಿ 39 ಶೇಕಡಾ. ಇದನ್ನು ಡಾಕ್ಟರ್ ನನ್ನ ಮುಂದೆ ಇಟ್ಟು, ಈಗ ಹೇಳು ಅಂದರು. ನಾನು ಎರಡು ವಾರ ಸಮಯ ಕೇಳಿಕೊಂಡೆ. ಪದೇ ಪದೇ ತೀವ್ರ ಖಿನ್ನತೆ ಬಂದವರು, ಸಾಯುವ ಯೋಚನೆ ಬಂದಿದ್ದವರು, ಈಗಷ್ಟೇ ಮನೆಯಲ್ಲಿ ಸಾವು-ನೋವು ಕಂಡವರು ಇನ್ನೂ ಜಾಸ್ತಿ ಯೋಚಿಸಬೇಕು. ಮಾತ್ರೆ ಮುಂದುವರಿಸುವುದೂ ಒಳ್ಳೆಯ ನಿರ್ಧಾರವೇ.

ಕೊನೆಯ ಕಾಲು ಮಾತ್ರೆ ನಿಂತ ಮೇಲೂ ಡಾಕ್ಟರ್ ನನ್ನನ್ನು ಬಿಟ್ಟಿಲ್ಲ. ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಬರಬೇಕು, ಆಮೇಲೆ ಬೇಕಾದಾಗ. ಸೈಕಾಲಜಿಸ್ಟ್ ಜೊತೆಗಿನ ಮಾತು ವೀಡಿಯೊದಲ್ಲಿ ನಡೆಯುತ್ತಿದೆ, ಸಿಗ್ನಲ್ ಸಿಗುವ ದಿಬ್ಬದ ಮೇಲೆ ಕೂತು. ಎರಡು ವಾರ ಬಿಡದೆ ಮನಸ್ಸು ಕುಗ್ಗಿದರೆ ಮುಂದಿನ ತಾರೀಕಿಗೆ ಕಾಯಬೇಡ, ಬಾ ಅಂದಿದ್ದಾರೆ. ಬದುಕು ಬೇಡ ಅನಿಸಿದರೆ ಅಷ್ಟೂ ಕಾಯುವಂತಿಲ್ಲ, ಆ ಕ್ಷಣವೇ ಮನೆಯವರಿಗೆ ಹೇಳಿ ಹತ್ತಿರದ ಆಸ್ಪತ್ರೆಗೆ, ಇಲ್ಲವೇ 14416ಕ್ಕೆ. ಹಗಲು ರಾತ್ರಿ ಯಾವಾಗ ಬೇಕಾದರೂ ಎತ್ತುತ್ತಾರೆ.