ಹವಾಮಾನದ ಆನ್‌ಲೈನ್ ಕೋರ್ಸು ಪಂಚಾಯಿತಿಯ ಗ್ರಂಥಾಲಯಕ್ಕೆ ಬಂದದ್ದು: ನನ್ನ ಅನುಭವ

ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ನಾನು ಭೂಗೋಳ ಕಲಿಸುತ್ತೇನೆ. ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ತುಂಗಭದ್ರೆ ಇರುವ ಜಿಲ್ಲೆ ನಮ್ಮದು. ನಾರಾಯಣಪುರದ ಬಸವಸಾಗರದಿಂದ ನೀರು ಹೆಚ್ಚು ಬಿಟ್ಟರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ, ನಡುಗಡ್ಡೆಯ ಜನಕ್ಕೆ ದಾರಿ ಇಲ್ಲದಾಗುತ್ತದೆ. 2009ರಲ್ಲಿ ನೆರೆ, 2019ರಲ್ಲಿ ಮತ್ತೆ ನೆರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆಯಾಯಿತು. ನೆರೆ ಬರ ಎರಡನ್ನೂ ಉಂಡ ಊರುಗಳಲ್ಲಿ ಅಂಗನವಾಡಿ ಎಲ್ಲಿ ಕಟ್ಟಬೇಕು, ಚರಂಡಿ ಯಾವ ಕಡೆಗೆ ಹರಿಯಬೇಕು, ಚೆಕ್ ಡ್ಯಾಂ ಯಾವ ಹಳ್ಳಕ್ಕೆ ಎಂದು ಗೊತ್ತು ಮಾಡುವವರು ಪಂಚಾಯಿತಿಯವರು. ಹವಾಮಾನ ಬದಲಾವಣೆಯನ್ನು ಕಾಲೇಜು ಮಟ್ಟದಲ್ಲಿ ಓದುವ ಅವಕಾಶ ಮೊದಲು ಇವರಿಗೆ ಸಿಗಬೇಕು ಎನ್ನುವುದು ನನ್ನ ಹಟ.

ಕೋರ್ಸುಗಳಿಗೇನೂ ಬರವಿಲ್ಲ. ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆ 2017ರಿಂದ ಇದೆ. ಅದರಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳಿಗೆ ಯಾರು ಬೇಕಾದರೂ ಉಚಿತವಾಗಿ ಹೆಸರು ನೋಂದಾಯಿಸಬಹುದು. ಪ್ರಮಾಣಪತ್ರ ಬೇಕಿದ್ದವರು ಮಾತ್ರ ಪರೀಕ್ಷೆಗೆ ಶುಲ್ಕ ಕಟ್ಟಬೇಕು. ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಕೊನೆಯ ಪರೀಕ್ಷೆಗೆ 75. ವಿಶ್ವಸಂಸ್ಥೆಯ ‘ಯುಎನ್ ಸಿಸಿ ಲರ್ನ್’ನಲ್ಲಿ ಇನ್ನೂ ಸಣ್ಣ, ನಮ್ಮ ಅನುಕೂಲಕ್ಕೆ ತಕ್ಕಂತೆ ಓದಿ ಮುಗಿಸುವ ಕೋರ್ಸುಗಳಿವೆ. ಹೊಸಬರನ್ನು ನಾನು ಅಲ್ಲಿಂದಲೇ ಶುರು ಮಾಡಿಸುತ್ತೇನೆ. ಹನ್ನೆರಡು ವಾರದ ಕೋರ್ಸಿಗೆ ನೇರವಾಗಿ ಇಳಿದವರು ಮೂರನೇ ವಾರಕ್ಕೆ ಕೈಬಿಡುವ ಸಂಭವ ಹೆಚ್ಚು.

ಬಾಗಿಲು ತೆರೆದಿದೆ, ಆದರೆ ಹೊಸ್ತಿಲು ಎತ್ತರ. ನಮ್ಮ ಗುಂಪಿಗೆ ಬಂದವರಲ್ಲಿ ಪದವಿ ವಿದ್ಯಾರ್ಥಿಗಳಿದ್ದರು, ನರೇಗಾ ಕೆಲಸ ನೋಡುತ್ತಿದ್ದ ಗ್ರಾಮ ಕಾಯಕ ಮಿತ್ರರು, ರೈತರಿಗೆ ಸಲಹೆ ಕೊಡುವ ಕೃಷಿ ಸಖಿಯರು, ಗ್ರಂಥಾಲಯದ ಮೇಲ್ವಿಚಾರಕರು, ಒಬ್ಬರು ಪಿಡಿಒ ಕೂಡ ಇದ್ದರು. ಹೆಣ್ಣುಮಕ್ಕಳಲ್ಲಿ ಹಲವರಿಗೆ ಸ್ವಂತ ಫೋನಿಲ್ಲ. ಮನೆಗೆ ಒಂದೇ ಫೋನು, ಸಂಜೆ ಅದು ಮಗನ ಕೈಯಲ್ಲಿ. ಹಾಗಾಗಿ ಪಂಚಾಯಿತಿಯ ಗ್ರಂಥಾಲಯದ, ಅಂದರೆ ಅರಿವು ಕೇಂದ್ರದ, ಕಂಪ್ಯೂಟರನ್ನೇ ನೆಚ್ಚಿಕೊಂಡೆವು. ಕಾಲೇಜಿನ ವೈಫೈನಲ್ಲಿ ವಾರದ ವಿಡಿಯೊಗಳನ್ನು ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ಯುತ್ತಿದ್ದೆ. ಕೆಲವು ಕೋರ್ಸುಗಳ ಪಾಠದ ಬರಹ ಕನ್ನಡದಲ್ಲೂ ಸಿಗುತ್ತದೆ. ಸಿಕ್ಕಷ್ಟನ್ನು ಮುದ್ರಿಸಿ ಹಂಚಿದೆವು.

ಯಾವ ತಿಂಗಳಲ್ಲಿ ಓದಬೇಕು ಎನ್ನುವುದೂ ಸಣ್ಣ ವಿಷಯವಲ್ಲ. ಜುಲೈ ಕಂತಿಗೆ ಸೇರಿದರೆ ಬಿತ್ತನೆ, ಕಳೆ, ಪರೀಕ್ಷೆಯ ಹೊತ್ತಿಗೆ ಹತ್ತಿ ಬಿಡಿಸುವ ಕೆಲಸ. ಜನವರಿ ಕಂತು ನಮಗೆ ಒಗ್ಗಿತು. ಓದಿಗಿಂತ ಸುಗ್ಗಿ ಮುಖ್ಯವಾದ ಮನೆಗಳಿವು, ಅದನ್ನು ಒಪ್ಪಿಕೊಂಡೇ ವೇಳಾಪಟ್ಟಿ ಮಾಡಬೇಕು.

ವಾರಕ್ಕೊಂದು ಸಂಜೆ ಎಲ್ಲರೂ ಕೂಡುತ್ತಿದ್ದೆವು. ಇಂಗ್ಲಿಷಿನ ಪಾಠ ಎಲ್ಲಿ ತೊಡಕಾಗಿದೆಯೋ ಅಲ್ಲಿ ನಿಲ್ಲಿಸಿ ಕನ್ನಡದಲ್ಲಿ ಚರ್ಚೆ. ಅಸೈನ್‌ಮೆಂಟಿನ ಪ್ರಶ್ನೆ ಏನು ಕೇಳುತ್ತಿದೆ ಎಂದು ಬಿಡಿಸಿ ಹೇಳುತ್ತಿದ್ದೆ, ಉತ್ತರ ಮಾತ್ರ ಅವರವರದೇ. ಉತ್ತರ ಹೇಳಿಕೊಟ್ಟು ಪ್ರಮಾಣಪತ್ರ ಕೊಡಿಸಿದರೆ ಅದು ಆ ಹೆಣ್ಣುಮಕ್ಕಳ ಬುದ್ಧಿಗೆ ಮಾಡುವ ಅವಮಾನ ಎಂದೇ ನಾನು ತಿಳಿದಿದ್ದೇನೆ.

ಅತಿ ಹೆಚ್ಚು ಮಾತು ಎದ್ದದ್ದು ‘ನೂರು ವರ್ಷದ ನೆರೆ’ಯ ಪಾಠದಲ್ಲಿ. ನಡುಗಡ್ಡೆಯ ಕಡೆಯ ಒಬ್ಬ ಕೃಷಿ ಸಖಿ ಕೇಳಿದರು: “ಸರ, ನೂರು ವರ್ಷಕ್ಕೊಮ್ಮೆ ಬರೋ ಹೊಳಿ ಅಂತಾರಲ್ರಿ, 2009ರಾಗ ಬಂದು ಹೋತು. ಇನ್ನ ಮೊಮ್ಮಕ್ಕಳ ಕಾಲಕ್ಕ ಬರ್ತದಲ್ರಿ?” ಊರ ಹಿರಿಯರೂ ಹೀಗೇ ನಂಬಿದ್ದರು. ಮರುವಾರ ಒಂದು ಚೀಲದಲ್ಲಿ ನೂರು ತೊಗರಿ ಕಾಳು ಹಾಕಿ, ಒಂದಕ್ಕೆ ಪೆನ್ನಿನಿಂದ ಗುರುತು ಮಾಡಿ ತಂದೆ. ಒಂದು ಕಾಳು ತೆಗೆದರೆ ಒಂದು ವರ್ಷ. ನೋಡಿ ಮತ್ತೆ ಚೀಲಕ್ಕೇ ಹಾಕಬೇಕು. ಪ್ರತಿಯೊಬ್ಬರೂ ಮೂವತ್ತು ಸಲ ತೆಗೆಯಬೇಕು, ಒಂದು ಮನೆಯ ಸಾಲ ತೀರುವಷ್ಟು ಕಾಲ. ಕೆಲವರಿಗೆ ಗುರುತಿನ ಕಾಳು ಸಿಗಲೇ ಇಲ್ಲ, ಕೆಲವರಿಗೆ ಸಿಕ್ಕಿತು, ಒಬ್ಬರಿಗೆ ಎರಡು ಸಲ. ಎರಡನೇ ಸಲ ಸಿಕ್ಕಾಗ ಕೋಣೆಯಲ್ಲಿ ಗದ್ದಲವೋ ಗದ್ದಲ. ಆಮೇಲೆ ಹಲಗೆಯ ಮೇಲೆ ಲೆಕ್ಕ ಮಾಡಿದೆವು: ಯಾವ ವರ್ಷದಲ್ಲಾದರೂ ಬರುವ ಸಾಧ್ಯತೆ ನೂರಕ್ಕೆ ಒಂದು. ಮೂವತ್ತು ವರ್ಷದೊಳಗೆ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ ಸುಮಾರು 26. ಹೋದ ವರ್ಷ ಬಂದಿದ್ದರೂ ಈ ವರ್ಷದ ಲೆಕ್ಕ ಕಡಿಮೆಯಾಗುವುದಿಲ್ಲ, ಯಾಕೆಂದರೆ ಕಾಳು ಚೀಲದಲ್ಲೇ ಇದೆ. ಭೂಮಿ ಬಿಸಿಯಾದಂತೆ ಗಾಳಿ ಹೆಚ್ಚು ತೇವ ಹಿಡಿಯುತ್ತದೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಶೇ 7ರಷ್ಟು. ದೊಡ್ಡ ಮಳೆ ಇನ್ನೂ ದೊಡ್ಡದಾಗುವುದು ಅದರಿಂದ. ಅಂದರೆ ಗುರುತಿನ ಕಾಳು ಒಂದೇ ಆಗಿ ಉಳಿಯುತ್ತದೆ ಎನ್ನುವ ಭರವಸೆಯೂ ಇಲ್ಲ. ಇಷ್ಟು ತಿಳಿದ ಮೇಲೆ ಐಐಟಿ ಪ್ರಾಧ್ಯಾಪಕರ ವಿಡಿಯೊವನ್ನು ಅವರೇ ಮತ್ತೊಮ್ಮೆ ಹಾಕಿಸಿ ನೋಡಿದರು.

ಪಾಠದ ಜೊತೆ ಊರಿನ ಕೆಲಸವನ್ನು ಸೇರಿಸಿದ್ದು ನಾವೇ, ಕೋರ್ಸಿನಲ್ಲಿ ಅದಿರಲಿಲ್ಲ. ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದೆ. ಆ ಮಾಪಕ ತಮ್ಮ ಪಂಚಾಯಿತಿಯಲ್ಲಿ ಎಲ್ಲಿದೆ ಎಂದೇ ಅನೇಕರಿಗೆ ಗೊತ್ತಿರಲಿಲ್ಲ. ಮೊದಲು ಅದನ್ನು ಹುಡುಕಿಸಿದೆ, ಆಮೇಲೆ ಮಳೆಯ ಅಂಕಿಗಳನ್ನು ಕೂಡಿಸಿ ನೋಡಿದೆವು. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆ ಅದನ್ನು ಭಾರಿ ಮಳೆ ಎನ್ನುತ್ತದೆ. ಅಂಥ ದಿನಗಳನ್ನು ಗುರುತು ಮಾಡಿ, ಆ ದಿನ ಯಾವ ಓಣಿಗೆ ನೀರು ನುಗ್ಗಿತು ಎಂದು ಮನೆಮನೆಗೆ ಹೋಗಿ ಕೇಳಿದರು. ನೆರೆಯ ನೀರು ಗೋಡೆಯ ಮೇಲೆ ಎಲ್ಲಿವರೆಗೆ ಬಂದಿತ್ತು ಎಂದು ತೋರಿಸುವ ಅಜ್ಜಿಯರು ಊರಿಗೊಬ್ಬರಾದರೂ ಇದ್ದರು. ಎಲ್ಲವೂ ದೊಡ್ಡ ಹಾಳೆಯ ನಕ್ಷೆಗೆ ಬಂತು: ಶಾಲೆ, ಟ್ರಾನ್ಸ್‌ಫಾರ್ಮರ್, ಕುಡಿಯುವ ನೀರಿನ ಬೋರ್‌ವೆಲ್, ಒಂಟಿಯಾಗಿರುವ ವೃದ್ಧರ ಮನೆ.

ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಾಗುವಾಗ ಈ ನಕ್ಷೆ ಕೆಲಸಕ್ಕೆ ಬಂತು. ಒಂದು ಊರಿನಲ್ಲಿ ಹೊಸ ಅಂಗನವಾಡಿಗೆ ಗೊತ್ತು ಮಾಡಿದ್ದ ಜಾಗ 2019ರಲ್ಲಿ ನೀರು ನಿಂತ ತಗ್ಗು. ಸರ್ಕಾರಿ ಜಾಗ ಇದ್ದದ್ದು ಅಲ್ಲಿ ಎನ್ನುವುದೊಂದೇ ಕಾರಣ. ಗ್ರಾಮಸಭೆಯಲ್ಲಿ ಕಾಯಕ ಮಿತ್ರ ಎದ್ದು ನಿಂತು ನಕ್ಷೆ ಬಿಡಿಸಿ ತೋರಿಸಿದರು. ಜಗಳವಾಯಿತು. ಕೊನೆಗೆ ಶಾಲೆಯ ಪಕ್ಕದ ಎತ್ತರದ ಜಾಗಕ್ಕೆ ಬದಲಾಯಿಸಿ ಠರಾವು ಆಯಿತು. ಆನ್‌ಲೈನ್ ಉನ್ನತ ಶಿಕ್ಷಣದಿಂದ ಹಳ್ಳಿಗೇನು ಲಾಭ ಎಂದು ಕೇಳುವವರಿಗೆ ನಾನು ಈ ಠರಾವಿನ ಪ್ರತಿಯನ್ನೇ ಕೊಡುತ್ತೇನೆ.

ಪರೀಕ್ಷೆಯ ವಿಷಯ ಮಾತ್ರ ಈಗಲೂ ನನ್ನನ್ನು ಕಾಡುತ್ತದೆ. ಇದು ಕೇಂದ್ರಕ್ಕೇ ಹೋಗಿ ಬರೆಯುವ ಪರೀಕ್ಷೆ. ಬೆಳಗಿನ ಪಾಳಿ ಸಿಕ್ಕರೆ ಹಿಂದಿನ ದಿನವೇ ಹೊರಡಬೇಕು. ಬಸ್ಸು, ಉಳಿಯುವ ಜಾಗ, ಜೊತೆಗೊಬ್ಬರು, ಎಲ್ಲ ಸೇರಿದರೆ ಪರೀಕ್ಷೆಯ ಶುಲ್ಕವೇ ಸಣ್ಣದು. ಹೆಣ್ಣುಮಕ್ಕಳನ್ನು ಒಂದೇ ಗುಂಪಾಗಿ, ಒಬ್ಬ ಅಧ್ಯಾಪಕಿಯ ಜೊತೆ ಕಳಿಸಿದ್ದರಿಂದ ಮನೆಯವರು ಒಪ್ಪಿದರು. ತಾಲ್ಲೂಕಿನ ಸರ್ಕಾರಿ ಕಾಲೇಜುಗಳ ಕಂಪ್ಯೂಟರ್ ಲ್ಯಾಬನ್ನೇ ಕೇಂದ್ರ ಮಾಡಿದರೆ ಈ ಪಾಡು ತಪ್ಪುತ್ತದೆ. ಅದಕ್ಕಾಗಿ ಬರೆಯುತ್ತಲೇ ಇದ್ದೇನೆ.

ಪಾಸಾದ ಮೇಲೆ ಆ ಪ್ರಮಾಣಪತ್ರಕ್ಕೆ ಬೆಲೆ ಎಲ್ಲಿ ಎನ್ನುವುದು ಮುಂದಿನ ಪ್ರಶ್ನೆ. ಪದವಿ ವಿದ್ಯಾರ್ಥಿಗಳಿಗೆ ದಾರಿಯಿದೆ: ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ‘ಸ್ವಯಂ’ ಮೂಲಕ ಮಾಡಬಹುದು, ವಿಶ್ವವಿದ್ಯಾಲಯ ಒಪ್ಪಿದರೆ ಕ್ರೆಡಿಟ್ ಸೇರುತ್ತದೆ. ಕಾಯಕ ಮಿತ್ರರಿಗೆ, ಕೃಷಿ ಸಖಿಯರಿಗೆ ಅಂಥ ದಾರಿ ಇನ್ನೂ ಆಗಿಲ್ಲ, ಆಗಲೇಬೇಕು.

ಹೀಗೆ ಶುರು ಮಾಡಬೇಕೆನ್ನುವ ಕಾಲೇಜಿನವರು ಮೊದಲು ಎನ್‌ಪಿಟಿಇಎಲ್‌ನ ಲೋಕಲ್ ಚಾಪ್ಟರ್‌ಗೆ, ಅಂದರೆ ಕಾಲೇಜಿನಲ್ಲೇ ಇರುವ ಅದರ ಘಟಕಕ್ಕೆ, ಅರ್ಜಿ ಹಾಕಿ. ಪ್ರಾಂಶುಪಾಲರ ಒಪ್ಪಿಗೆ, ಹೊಣೆ ಹೊರಲು ಒಬ್ಬ ಅಧ್ಯಾಪಕರು ಸಾಕು, ಹಣ ಕಟ್ಟಬೇಕಿಲ್ಲ. ವಿದ್ಯಾರ್ಥಿಗಳ ಬೆನ್ನಿಗೆ ನಿಲ್ಲಲು ಮೆಂಟರ್‌ಗಳನ್ನು ಹೆಸರಿಸಬಹುದು. ಆಮೇಲೆ ಹತ್ತಿರದ ಪಂಚಾಯಿತಿಯ ಪಿಡಿಒ ಅವರನ್ನು, ಗ್ರಂಥಾಲಯದವರನ್ನು ಖುದ್ದಾಗಿ ಕಂಡು ಬನ್ನಿ. ನಮ್ಮ ಸಂಜೆಯ ಗುಂಪನ್ನು ಈಗ ಪಾಸಾದ ಇಬ್ಬರು ಕಾಯಕ ಮಿತ್ರರೇ ನಡೆಸುತ್ತಾರೆ. ಬರುವ ಜನವರಿಗೆ ಅಂತರ್ಜಲದ ಕೋರ್ಸು ಬೇಕೆಂದು ಹೆಸರುಗಳ ಪಟ್ಟಿಯನ್ನೂ ಕೊಟ್ಟಿದ್ದಾರೆ.