ಲೈಬ್ರರಿಯಲ್ಲಿ ಕಥೆ ಹೊತ್ತು: ಮಕ್ಕಳು ಹೂಂಗುಟ್ಟಲಿ

ಗ್ರಾಮ ಪಂಚಾಯಿತಿ ಲೈಬ್ರರಿಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಆದರೆ ಕಾರ್ಡ್ ಸಿಕ್ಕ ಮಾತ್ರಕ್ಕೆ ಮಕ್ಕಳು ಓದಲು ಕೂರುತ್ತಾರಾ? ಶನಿವಾರ ಕಥೆ ಇದೆ ಎಂದರೆ ಬರುತ್ತಾರೆ. ಮೇಲ್ವಿಚಾರಕರೇ ಇದನ್ನು ನಡೆಸಬೇಕೆಂದಿಲ್ಲ. ಕಾಲೇಜು ಹುಡುಗಿ, ರಿಟೈರಾದ ಮೇಷ್ಟ್ರು, ಪಕ್ಕದ ಮನೆಯ ಅಜ್ಜಿ, ಯಾರು ಬೇಕಾದರೂ ಹೇಳಬಹುದು.

ಮೊದಲು ಹೊತ್ತು, ಜಾಗ

ಶನಿವಾರ ಬೆಳಗಿನ ಶಾಲೆ ಬಿಟ್ಟ ಕೂಡಲೇ ಬೇಡ. ಹಸಿದ ಮಗುವಿನ ಮನಸ್ಸು ಕಥೆ ಮೇಲಿರುವುದಿಲ್ಲ. ಸಂಜೆ ನಾಲ್ಕಕ್ಕೆ ಇಟ್ಟುಕೊಳ್ಳಿ, ಅರ್ಧ ಗಂಟೆ ಸಾಕು. ಪೇಪರ್ ಓದಲು ಬರುವ ಹಿರಿಯರಿಗೆ ಮೊದಲೇ ತಿಳಿಸಿಡಿ. ಯಾರಾದರೂ ಗೊಣಗಿದರೆ, ‘ಅಜ್ಜಾ, ಮುಂದಿನ ವಾರ ನೀವೇ ಒಂದು ಕಥೆ ಹೇಳ್ಬೇಕು’ ಎಂದು ಕೇಳಿ ನೋಡಿ. ಎಷ್ಟೋ ಸಲ ಗೊಣಗಾಟ ಅಲ್ಲಿಗೆ ನಿಲ್ಲುತ್ತದೆ.

ಬೆಂಚು ಬದಿಗೆ ಸರಿಸಿ ಜಮಖಾನೆ ಹಾಸಿ. ಕಿಟಕಿ ನಿಮ್ಮ ಬೆನ್ನಿಗೆ ಬಾರದಂತೆ ಕೂರಿ. ಇಲ್ಲದಿದ್ದರೆ ಬೆಳಕು ಮಕ್ಕಳ ಕಣ್ಣಿಗೆ ಹೊಡೆದು ಪುಟದ ಚಿತ್ರ ಕಪ್ಪಗೆ ಕಾಣುತ್ತದೆ.

ಯಾವ ಪುಸ್ತಕ?

ಆರೇಳು ವರ್ಷದವರಿಗೆ ಪುಟಕ್ಕೆ ಒಂದೆರಡು ಸಾಲು, ದೊಡ್ಡ ಚಿತ್ರ ಇರುವ ಪುಸ್ತಕ ತೆಗೆದುಕೊಳ್ಳಿ. ಮಕ್ಕಳ ಪುಸ್ತಕ ಹೊರತರುವ ಪ್ರಥಮ್ ಬುಕ್ಸ್‌ನ ಪುಸ್ತಕಗಳ ಹಿಂಬದಿಯಲ್ಲಿ ಒಂದರಿಂದ ನಾಲ್ಕರ ತನಕ ಓದುವ ಹಂತ ಗುರುತಿಸಿರುತ್ತಾರೆ. ಆಯ್ಕೆ ಸುಲಭ. ಲೈಬ್ರರಿಯಲ್ಲಿ ಮಕ್ಕಳ ಪುಸ್ತಕ ಕಡಿಮೆಯಿದ್ದರೆ ಅವರದೇ ಸ್ಟೋರಿವೀವರ್ ಜಾಲತಾಣವಿದೆ. 2015ರಿಂದ ನಡೆಯುತ್ತಿದೆ, ಕನ್ನಡದ ಕಥೆಗಳೂ ಸಿಗುತ್ತವೆ. ದುಡ್ಡು ಕೊಡಬೇಕಿಲ್ಲ, ಪ್ರಿಂಟ್ ತೆಗೆದು ಹಂಚಲೂ ಅಡ್ಡಿಯಿಲ್ಲ.

ಆರಿಸಿದ ಕಥೆಯನ್ನು ಹಿಂದಿನ ದಿನವೇ ಮನೆಯಲ್ಲಿ ಗಟ್ಟಿಯಾಗಿ ಓದಿ. ಮನಸ್ಸಲ್ಲಿ ಓದಿದರೆ ಸಾಲದು. ಎಲ್ಲಿ ನಾಲಿಗೆ ತೊಡರುತ್ತದೆ, ಎಲ್ಲಿ ದನಿ ತಗ್ಗಿಸಬೇಕು ಎಂಬುದು ಬಾಯಿ ಬಿಟ್ಟು ಓದಿದಾಗಲೇ ಗೊತ್ತಾಗುವುದು. ವಾಕ್ಯ ತೀರಾ ಪುಸ್ತಕದ ಕನ್ನಡವಾಗಿದ್ದರೆ ನಿಮ್ಮೂರ ಮಾತಿಗೆ ತಿರುಗಿಸಿಕೊಳ್ಳಿ. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಮಾತಾಡುವ ಮಕ್ಕಳಿದ್ದರೆ, ಪಕ್ಕದಲ್ಲಿ ಕೂತ ದೊಡ್ಡ ಮಗು ಪಿಸುಮಾತಲ್ಲಿ ಅರ್ಥ ಹೇಳಿಕೊಡಲಿ. ಅದನ್ನು ಗಲಾಟೆ ಅಂದುಕೊಳ್ಳಬೇಡಿ.

ಹೂಂಗುಟ್ಟಿಸುವುದು

ಪುಸ್ತಕವನ್ನು ಎದೆಗಿಂತ ತುಸು ಮೇಲೆ, ಮುಖದ ಪಕ್ಕಕ್ಕೆ ಹಿಡಿಯಿರಿ. ಪುಟ ಮಕ್ಕಳ ಕಡೆಗಿರಲಿ, ಓರೆಗಣ್ಣಲ್ಲಿ ನೀವು ಓದಿ. ನಿನ್ನೆ ಗಟ್ಟಿಯಾಗಿ ಓದಿದ್ದು ಈಗ ಉಪಯೋಗಕ್ಕೆ ಬರುತ್ತದೆ.

ನಮ್ಮಲ್ಲಿ ಕಥೆ ಕೇಳುವವರು ಸುಮ್ಮನೆ ಕೂರುವ ಪದ್ಧತಿ ಇಲ್ಲ. ಅಜ್ಜಿ ಹೇಳುತ್ತಿದ್ದರೆ ಮೊಮ್ಮಕ್ಕಳು ಹೂಂ, ಹೂಂ ಅನ್ನುತ್ತಲೇ ಇರಬೇಕು. ಹೂಂ ನಿಂತರೆ ಅಜ್ಜಿಯೂ ನಿಲ್ಲಿಸುತ್ತಾಳೆ. ಲೈಬ್ರರಿ ಅಂದರೆ ಬಾಯಿ ಮುಚ್ಚಿಕೊಂಡಿರಬೇಕು ಎಂಬ ನಿಯಮವನ್ನು ಈ ಅರ್ಧ ಗಂಟೆ ಪಕ್ಕಕ್ಕಿಡಿ. ಶುರುವಿಗೇ ಹೇಳಿಬಿಡಿ: ‘ನೀವು ಹೂಂ ಅನ್ನದಿದ್ರೆ ಕಥೆ ಮುಂದೆ ಹೋಗಲ್ಲ.’

ಮೊದಲ ವಾರಕ್ಕೆ ಪುಸ್ತಕವೇ ಬೇಕಿಲ್ಲ. ಗುಬ್ಬಕ್ಕ-ಕಾಗಕ್ಕನ ಕಥೆ ಸಾಕು. ಮಳೆಗೆ ಕಾಗೆಯ ಮನೆ ಕೊಚ್ಚಿಹೋಗಿ, ಅದು ಗುಬ್ಬಿಯ ಬಾಗಿಲು ಬಡಿಯುತ್ತದಲ್ಲ, ಅಲ್ಲಿಗೆ ಬಂದಾಗ ಮಕ್ಕಳನ್ನು ಎರಡು ಗುಂಪು ಮಾಡಿ. ಒಂದು ಗುಂಪು ‘ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ’ ಎಂದು ಕೂಗಲಿ. ಇನ್ನೊಂದು ಗುಂಪು ಪ್ರತಿ ಸಲವೂ ಹೊಸ ನೆವ ಹೇಳಲಿ: ಮಗುಗೆ ಸ್ನಾನ ಮಾಡಿಸ್ತಿದೀನಿ, ಎಣ್ಣೆ ಹಚ್ತಿದೀನಿ, ತೊಟ್ಟಿಲು ತೂಗ್ತಿದೀನಿ. ಮೂರನೇ ನೆವದ ಹೊತ್ತಿಗೆ ಮಕ್ಕಳೇ ತಮ್ಮ ಮನೆಯ ನೆವಗಳನ್ನು ತರುತ್ತಾರೆ. ಗುಬ್ಬಕ್ಕ ಮೊಬೈಲ್ ಚಾರ್ಜಿಗೆ ಹಾಕುತ್ತಿದ್ದರೂ ಇರಲಿ, ತಿದ್ದಬೇಡಿ. ನಾಚಿಕೆಯ ಮಗುವಿಗೆ ಮಳೆಯ ಸದ್ದಿನ ಕೆಲಸ ಕೊಡಿ. ಅಂಗೈ ಮೇಲೆ ಎರಡು ಬೆರಳು ತಟ್ಟಿದರಾಯಿತು, ಮಾತಾಡಬೇಕಿಲ್ಲ.

ಪುಸ್ತಕ ಓದುವಾಗಲೂ ಇದೇ ಉಪಾಯ. ಪುಟ ತಿರುವುವ ಮುಂಚೆ ನಿಲ್ಲಿ. ‘ಈಗ ಏನಾಗಬಹುದು?’ ಎಂದು ಕೇಳಿ ಇಬ್ಬರು ಮೂವರು ಹೇಳಲು ಬಿಡಿ. ಪುಟಪುಟಕ್ಕೂ ಕೇಳಿದರೆ ಮಾತ್ರ ಕಥೆ ಪರೀಕ್ಷೆಯಾಗುತ್ತದೆ. ಎರಡೇ ಕಡೆ ಸಾಕು.

ಕಥೆ ಮುಗಿದ ಮೇಲೆ

‘ಈ ಕಥೆಯ ನೀತಿ ಏನು?’ ಎಂದು ದಯವಿಟ್ಟು ಕೇಳಬೇಡಿ. ಅಲ್ಲಿಯವರೆಗೆ ನಗುತ್ತಿದ್ದ ಮಕ್ಕಳು ಕೈಕಟ್ಟಿ ಕೂರುತ್ತಾರೆ. ‘ನೀನಾಗಿದ್ರೆ ಬಾಗಿಲು ತೆಗೀತಿದ್ಯಾ?’ ಎಂದು ಕೇಳಿ, ಜಗಳ ಶುರುವಾಗುತ್ತದೆ. ಅದು ಒಳ್ಳೆಯ ಜಗಳ. ಬೇಕಿದ್ದರೆ ಹತ್ತು ನಿಮಿಷ ಚಿತ್ರ ಬಿಡಿಸಲಿ. ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು.

ಇನ್ನು ಬೀರು. ಎಷ್ಟೋ ಕಡೆ ಮಕ್ಕಳ ಪುಸ್ತಕ ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿಕೊಂಡು ಹೊಸದಾಗಿಯೇ ಹಳತಾಗುತ್ತದೆ. ಹರಿದರೆ ಲೆಕ್ಕ ಕೇಳುತ್ತಾರೆ ಎಂಬ ಭಯ ಮೇಲ್ವಿಚಾರಕರಿಗೆ ಇರುವುದು ಸಹಜ. ಆದರೆ ಓದಿದ ಪುಸ್ತಕ ಕೈಗೆ ಸಿಗದಿದ್ದರೆ ಕಥೆ ಹೊತ್ತಿನ ಅರ್ಧ ಕೆಲಸ ಬಾಕಿ ಉಳಿದಂತೆ. ಗೋಡೆಗೆ ಎರಡು ಮೊಳೆ ಹೊಡೆದು, ಮಕ್ಕಳ ಎತ್ತರಕ್ಕೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಪುಸ್ತಕಗಳನ್ನು ನೇತುಹಾಕಿ. ಆವತ್ತು ಓದಿದ್ದು ನಡುವೆ ಇರಲಿ. ಮನೆಗೆ ಒಯ್ಯುವವರ ಹೆಸರನ್ನು ಆರು-ಏಳನೇ ಕ್ಲಾಸಿನ ಮಕ್ಕಳೇ ರಿಜಿಸ್ಟರಿನಲ್ಲಿ ಬರೆದುಕೊಳ್ಳಲಿ. ವಾಪಸ್ ತರದವರ ಮನೆಗೆ ಹೋಗಿ ಕೇಳುವುದರಲ್ಲಿ ಅವರು ನಮಗಿಂತ ಜಾಸ್ತಿ ಚುರುಕು.