ಒಂದೇ ಮೌಲ್ಯವೋ, ಹಲವು ಮೌಲ್ಯವೋ? ಸ್ಯಾಪ್‌ನಲ್ಲಿ ಬಿಡಿಭಾಗಗಳನ್ನು ವರ್ಗೀಕರಿಸುವುದು ಹೇಗೆ

ಸ್ಟೋರ್ಸ್‌ನ ಕಪಾಟಿನಿಂದ 6205 ನಂಬರಿನ ಒಂದು ಬೇರಿಂಗ್ ತೆಗೆದು ಮೇಜಿನ ಮೇಲಿಡಿ. ಒಳವ್ಯಾಸ 25 ಮಿ.ಮೀ., ಹೊರವ್ಯಾಸ 52, ಅಗಲ 15. ಮೂರಕ್ಕೂ ಒಂದೊಂದೇ ಉತ್ತರ. ಅದೇ ಬೇರಿಂಗ್ ಯಾವ ಯಂತ್ರಕ್ಕೆ ಬರುತ್ತದೆ ಎಂದು ಫಿಟ್ಟರ್‌ನನ್ನು ಕೇಳಿದರೆ ಪಂಪ್, ಬ್ಲೋವರ್, ಕನ್ವೇಯರ್ ಎಂದು ಮೂರು ಹೆಸರು ಹೇಳಬಹುದು. ಕಂಪನಿಗಳು ದಾಸ್ತಾನು, ಖರೀದಿ ನಿರ್ವಹಿಸಲು ಬಳಸುವ ಸ್ಯಾಪ್ ಸಾಫ್ಟ್‌ವೇರ್‌ನಲ್ಲಿ ಏಕಮೌಲ್ಯ, ಬಹುಮೌಲ್ಯ ಎನ್ನುವುದು ಇಷ್ಟೇ. ಆದರೆ ಮೊದಲೇ ತಪ್ಪು ಆರಿಸಿಕೊಂಡರೆ, ಸಾವಿರಾರು ಐಟಂ ತುಂಬಿದ ಮೇಲೆ ತಿದ್ದಲು ವಾರಗಟ್ಟಲೆ ಕೂರಬೇಕಾಗುತ್ತದೆ.

ಮೊದಲು ಕಾಗದದ ಮೇಲೆ

ಒಳವ್ಯಾಸ, ಯಂತ್ರ ಮುಂತಾದ ಪ್ರತಿ ಗುಣಲಕ್ಷಣದ ಎದುರು ಒಂದೇ ಪ್ರಶ್ನೆ ಹಾಕಿಕೊಳ್ಳಿ: ಒಂದು ಐಟಂಗೆ ಏಕಕಾಲದಲ್ಲಿ ಎರಡು ಉತ್ತರ ನಿಜವಾಗಬಹುದೇ? ಹೆಚ್ಚಿನವರು ಎಡವುವುದು ಇಲ್ಲೇ. ಸೀಲ್ ಬಗೆಗೆ ‘ತೆರೆದ’, ‘ಲೋಹದ ಮುಚ್ಚಳ’, ‘ರಬ್ಬರ್ ಸೀಲ್’ ಎಂಬ ಮೂರು ಆಯ್ಕೆ ಇವೆಯೆಂದು ಅದನ್ನು ಬಹುಮೌಲ್ಯ ಮಾಡಿಬಿಡುತ್ತಾರೆ. ಆಯ್ಕೆಯ ಪಟ್ಟಿಯಲ್ಲಿ ಎಷ್ಟಿವೆ ಎಂಬುದು ಬೇರೆ, ಒಂದು ಬೇರಿಂಗ್‌ಗೆ ಎಷ್ಟು ಅಂಟುತ್ತವೆ ಎಂಬುದು ಬೇರೆ. ಸೀಲ್ ಬಗೆ ಏಕಮೌಲ್ಯವೇ.

ವ್ಯಾಪ್ತಿಯೂ ಹಾಗೆಯೇ. ಒಂದು ಗ್ರೀಸ್ ಮೈನಸ್ 20ರಿಂದ 110 ಡಿಗ್ರಿವರೆಗೆ ತಡೆಯುತ್ತದೆ ಎಂದರೆ ಅದು ಎರಡು ಮೌಲ್ಯವಲ್ಲ, ಒಂದು ಇಂಟರ್ವಲ್. ಅದಕ್ಕೆ ಏಕಮೌಲ್ಯವನ್ನೇ ಇಟ್ಟು, ಇಂಟರ್ವಲ್‌ಗೆ ಅನುಮತಿ ಕೊಡಿ. ಸೊನ್ನೆಗಿಂತ ಕೆಳಗಿನ ಅಂಕಿ ಇರುವುದರಿಂದ ನೆಗೆಟಿವ್ ಮೌಲ್ಯಕ್ಕೂ ಟಿಕ್ ಹಾಕಿ.

ಸಿಸ್ಟಂನಲ್ಲಿ

ಗುಣಲಕ್ಷಣ ಸೃಷ್ಟಿಸಲು ಸಿಟಿ04 ಎಂಬ ಸ್ಕ್ರೀನ್ ತೆರೆಯಿರಿ. ಹೆಸರು 30 ಅಕ್ಷರ ಮೀರದಿರಲಿ, ಸ್ಟೇಟಸ್ ‘ರಿಲೀಸ್ಡ್’ ಇರಲಿ. ಬೇಸಿಕ್ ಡೇಟಾ ಟ್ಯಾಬ್‌ನಲ್ಲಿ ಡೇಟಾ ಬಗೆ, ಅಂಕಿಗಳ ಸಂಖ್ಯೆ, ಅಳತೆಯ ಮಾನ ತುಂಬಿ, ಪಕ್ಕದಲ್ಲೇ ‘ಸಿಂಗಲ್ ವ್ಯಾಲ್ಯೂ’ ಅಥವಾ ‘ಮಲ್ಟಿಪಲ್ ವ್ಯಾಲ್ಯೂಸ್’ ಆರಿಸಿ. ವ್ಯಾಲ್ಯೂಸ್ ಟ್ಯಾಬ್‌ನಲ್ಲಿ ಒಪ್ಪಿತ ಮೌಲ್ಯಗಳ ಪಟ್ಟಿ ಕೊಡಿ. ಬಹುಮೌಲ್ಯಕ್ಕೆ ಈ ಪಟ್ಟಿ ಇರಲೇಬೇಕು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಇಲ್ಲದಿದ್ದರೆ ‘ಬ್ಲೋವರ್’, ‘ಬ್ಲೋಯರ್’ ಎರಡೂ ಒಳಗೆ ಸೇರುತ್ತವೆ. ಬಳಿಕ ಸಿಎಲ್02ರಲ್ಲಿ 001 ಕ್ಲಾಸ್ ಟೈಪ್‌ನಡಿ, ಅಂದರೆ ಮೆಟೀರಿಯಲ್‌ಗಾಗಿ, ಕ್ಲಾಸ್ (ಒಂದೇ ಬಗೆಯ ಐಟಂಗಳ ಗುಂಪು) ಸೃಷ್ಟಿಸಿ ಗುಣಲಕ್ಷಣಗಳನ್ನು ಸೇರಿಸಿ. ಐಟಂಗೆ ಮೌಲ್ಯ ಕೊಡುವುದು ಎಂಎಂ02 ಅಥವಾ ಸಿಎಲ್20ಎನ್ ಮೂಲಕ.

ಒಳಗೆ ಏನಾಗುತ್ತದೆ

ಮೌಲ್ಯಗಳು ಕೂರುವುದು ಎಯುಎಸ್‌ಪಿ ಟೇಬಲ್‌ನಲ್ಲಿ, ಪ್ರತಿ ಮೌಲ್ಯಕ್ಕೆ ಒಂದು ಸಾಲು. ಒಳವ್ಯಾಸಕ್ಕೆ ಒಂದು ಸಾಲು, ಯಂತ್ರಕ್ಕೆ ಮೂರು. ದಾಸ್ತಾನು ವರದಿಗೆ ಈ ಟೇಬಲ್‌ನ ಯಂತ್ರದ ಸಾಲುಗಳನ್ನು ಜೋಡಿಸಿದಾಗ 40 ಬೇರಿಂಗ್‌ಗಳ ಸಾಲು ಮೂರು ಸಲ ಬರುತ್ತದೆ, ಮೊತ್ತ 120 ಎಂದು ಕಾಣುತ್ತದೆ. ಕಪಾಟಿನಲ್ಲಿರುವುದು 40 ಮಾತ್ರ. ಆದ್ದರಿಂದ ದಾಸ್ತಾನನ್ನು ಮೊದಲು ಐಟಂವಾರು ಕೂಡಿಸಿ, ಯಂತ್ರಗಳ ಹೆಸರನ್ನು ಆಮೇಲೆ ಒಂದೇ ಕಾಲಂಗೆ ತನ್ನಿ.

ಎಕ್ಸೆಲ್‌ನಿಂದ ಡೇಟಾ ಏರಿಸುವಾಗ ಒಂದೇ ಸೆಲ್‌ನಲ್ಲಿ ‘ಪಂಪ್, ಬ್ಲೋವರ್’ ಎಂದು ಬರೆದರೆ ಸಿಸ್ಟಂ ಅದನ್ನು ಒಂದೇ ಮೌಲ್ಯವೆಂದು ಓದುತ್ತದೆ. ಒಪ್ಪಿತ ಪಟ್ಟಿಯಿದ್ದರೆ ತಿರಸ್ಕರಿಸುತ್ತದೆ, ಇಲ್ಲದಿದ್ದರೆ ಹಾಗೆಯೇ ನುಂಗುತ್ತದೆ. ಪ್ರತಿ ಯಂತ್ರಕ್ಕೂ ಪ್ರತ್ಯೇಕ ಸಾಲು ಕೊಡಬೇಕು. ಪ್ರೋಗ್ರಾಂ ಮೂಲಕ ಮೌಲ್ಯ ಬದಲಿಸುವ ಬಿಎಪಿಐ_ಒಬಿಜೆಸಿಎಲ್_ಚೇಂಜ್ ಫಂಕ್ಷನ್ ಬಳಸುವ ಡೆವಲಪರ್‌ಗಳು ಇನ್ನೂ ಎಚ್ಚರವಾಗಿರಬೇಕು: ನಾಲ್ಕನೆಯ ಯಂತ್ರ ಸೇರಿಸಲು ಹೋಗಿ ಅದೊಂದನ್ನೇ ಕಳಿಸಿದರೆ ಹಳೆಯ ಮೂರೂ ಅಳಿಸಿಹೋಗುತ್ತವೆ. ಮೊದಲು ಬಿಎಪಿಐ_ಒಬಿಜೆಸಿಎಲ್_ಗೆಟ್‌ಡೀಟೇಲ್‌ನಿಂದ ಇರುವುದನ್ನೆಲ್ಲ ಓದಿ, ಹೊಸದನ್ನು ಸೇರಿಸಿ, ಪೂರ್ತಿ ಪಟ್ಟಿಯನ್ನೇ ವಾಪಸ್ ಕಳಿಸಿ.

ಬಹುಮೌಲ್ಯ ಎಲ್ಲಿ ಬೇಡ

ತಯಾರಕರು ಹಾಗೂ ಅವರ ಪಾರ್ಟ್ ನಂಬರ್. ಎಸ್‌ಕೆಎಫ್, ಎಫ್‌ಎಜಿ ಎಂದು ಒಂದು ಬಹುಮೌಲ್ಯ ಗುಣಲಕ್ಷಣ. 6205-2ಆರ್‌ಎಸ್‌ಎಚ್, 6205-2ಆರ್‌ಎಸ್‌ಆರ್ ಎಂದು ಇನ್ನೊಂದು. ನೋಡಲು ಸರಿಯಾಗಿಯೇ ಕಾಣುತ್ತದೆ. ಆದರೆ ಯಾವ ನಂಬರ್ ಯಾವ ತಯಾರಕರದು ಎಂಬ ನಂಟು ಎಲ್ಲೂ ಉಳಿಯುವುದಿಲ್ಲ. ಖರೀದಿ ವಿಭಾಗ ಒಬ್ಬರ ನಂಬರ್ ಹಿಡಿದು ಇನ್ನೊಬ್ಬರಿಗೆ ಆರ್ಡರ್ ಕಳಿಸುವುದು ಹೀಗೆಯೇ. ಜೋಡಿಯಾಗಿ ಇರಬೇಕಾದ ಮಾಹಿತಿ ಕ್ಲಾಸಿಫಿಕೇಶನ್‌ಗೆ ಬೇಡವೇ ಬೇಡ. ಅದಕ್ಕೆ ತಯಾರಕರ ಪಾರ್ಟ್ ನಂಬರ್‌ಗೆಂದೇ ಇರುವ ವ್ಯವಸ್ಥೆಯನ್ನು ಬಳಸಿ.

ಅನುಮಾನವಿದ್ದರೆ ಏಕಮೌಲ್ಯದಿಂದಲೇ ಶುರು ಮಾಡಿ. ಮುಂದೆ ಬಹುಮೌಲ್ಯಕ್ಕೆ ಹಿಗ್ಗಿಸುವುದು ಸಲೀಸು. ಹಿಂದಕ್ಕೆ ಬರಬೇಕೆಂದರೆ ಎರಡು ಮೌಲ್ಯ ಹೊತ್ತ ಪ್ರತಿ ಐಟಂನಲ್ಲೂ ಯಾವುದನ್ನು ಉಳಿಸಬೇಕೆಂದು ಯಾರಾದರೂ ಕೂತು ತೀರ್ಮಾನಿಸಬೇಕು.

ಬಳಕೆಗೆ ಬಿಡುವ ಮುನ್ನ ಮೂರು ಪರೀಕ್ಷಾ ಐಟಂ ಸೃಷ್ಟಿಸಿ: ಒಂದಕ್ಕೆ ಪಂಪ್ ಮಾತ್ರ, ಇನ್ನೊಂದಕ್ಕೆ ಬ್ಲೋವರ್ ಮಾತ್ರ, ಮೂರನೆಯದಕ್ಕೆ ಎರಡೂ. ಐಟಂ ಹುಡುಕುವ ಸ್ಕ್ರೀನ್ ಆದ ಸಿಎಲ್30ಎನ್‌ನಲ್ಲಿ ಎರಡನ್ನೂ ಕೊಟ್ಟು ಹುಡುಕಿ. ಮೂರೂ ಬಂದರೆ ಹುಡುಕಾಟ ‘ಯಾವುದಾದರೂ ಒಂದು’ ಎಂದು ನಡೆದಿದೆ. ಮೂರನೆಯದು ಮಾತ್ರ ಬಂದರೆ ‘ಎರಡೂ ಇರಬೇಕು’ ಎಂದು. ನಿಮ್ಮಲ್ಲಿ ಯಾವುದು ನಡೆಯುತ್ತದೆ ಎಂಬುದನ್ನು ಸ್ಟೋರ್ಸ್‌ನವರಿಗೆ ತೆರೆಯ ಮೇಲೆ ತೋರಿಸಿಯೇ ಲಾಗಿನ್ ಕೊಡಿ.